ಹತ್ತೊಂಬತ್ತನೆಯವರನ್ನು ಹುಡುಕಿಕೊಂಡು ಹೋದ ಕಡತದಕ್ಕ

ಆಸ್ಪತ್ರೆಯ ದಾಖಲೆ ಎಂದರೆ ದಾರ ಬಿಗಿದ ಕಟ್ಟು, ಅದರ ಮೇಲೊಂದು ಪದರ ಧೂಳು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ರೋಗಿಯ ಒಂದೊಂದು ವಿವರಕ್ಕೂ ಅದರದೇ ಹೆಸರು, ಅದರದೇ ಜಾಗ ಇರಬೇಕೆಂದು ಹಟ ಹಿಡಿದು, ಹಾಗೆ ಜೋಡಿಸಿದ ಮಾಹಿತಿಯನ್ನು ಜಾಲಪುಟದ ಒಳಗೇ ಕೂರಿಸಿ ವಾರ್ಡಿನ ಪರದೆಯ ಮೇಲೆ ತೋರಿಸಿದವರು ನಮ್ಮ ಕಡತದಕ್ಕ. ಮೂವತ್ತಮೂರು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಅವರನ್ನು ಹೊಗಳುವುದು ಸುಲಭ; ಹೊಗಳಿಕೆಗೆ ಅವರನ್ನು ಒಪ್ಪಿಸುವಷ್ಟರಲ್ಲಿ ಈ ಅಭಿನಂದನ ಸಂಪುಟದ ಸಂಪಾದಕ ಮಂಡಳಿಗೆ ಸಾಕುಸಾಕಾಯಿತು.

ಬೆರಳಚ್ಚುಗಾರ್ತಿಯಾಗಿ ಸೇರಿದ ಅವರು ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕ್ರಮವನ್ನು ತಾವಾಗಿಯೇ ಕಲಿತರು. ಅದರಲ್ಲಿ ಪ್ರತಿಯೊಂದು ವಿವರದ ಹಿಂದೊಂದು, ಮುಂದೊಂದು ಟ್ಯಾಗ್, ಅಂದರೆ ಕೋನ ಚಿಹ್ನೆಗಳ ನಡುವೆ ಬರೆದ ಹೆಸರು, ಇರುತ್ತದೆ, ತೆರೆದದ್ದನ್ನು ಮುಚ್ಚಲೇಬೇಕು. ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಹಾಕಿಸಿಕೊಂಡ ಹೃದ್ರೋಗಿಗಳ ಪಟ್ಟಿಯನ್ನು ಹೀಗೆ ಬರೆದು ಅವರು ಪುಟದೊಳಗೆ ಕಣ್ಣಿಗೆ ಬೀಳದಂತೆ ಇರಿಸಿದರು. ಕೆಳಗಿನ ಕೋಷ್ಟಕ ಅದರಿಂದ ಸಾಲುಸಾಲಾಗಿ ಎತ್ತಿ ತೋರಿಸುತ್ತಿತ್ತು. ಸಂಪರ್ಕ ಕೈಕೊಟ್ಟರೂ ಪುಟ ಕೈಕೊಡುತ್ತಿರಲಿಲ್ಲ. ಬೇರೆಯವರು "ಊಟ ಆಯ್ತಾ?" ಎಂದು ಕೇಳುವ ಹೊತ್ತಿಗೆ ಇವರು "ಟ್ಯಾಗ್ ಮುಚ್ಚಿದ್ರಾ?" ಎನ್ನುತ್ತಿದ್ದರು. ಹಿರಿಯ ದಾದಿಯೊಬ್ಬರಿಗೆ ಸಣ್ಣ ಅಕ್ಷರ ಕಾಣದೆಂದು ತಿಳಿದಾಗ, ಆ ವಾರ್ಡಿನ ಪುಟದ ಅಕ್ಷರಗಳನ್ನು ಸದ್ದಿಲ್ಲದೆ ದೊಡ್ಡದು ಮಾಡಿದರು.

ಆ ಪುಟದ ಉದ್ಘಾಟನೆಯ ಬೆಳಿಗ್ಗೆ ಪರದೆ ಖಾಲಿ ಬಂತು. ಒಂದು ದಾಖಲೆಯಲ್ಲಿ ವೈದ್ಯರು ನಾಡಿ ನಲವತ್ತಕ್ಕಿಂತ ಕಡಿಮೆ ಎಂದು ಸೂಚಿಸಲು ಗಣಿತದ ಚಿಹ್ನೆ ಹಾಕಿದ್ದರು. ಟ್ಯಾಗೂ ಅದೇ ಚಿಹ್ನೆಯಿಂದ ಶುರುವಾಗುವುದರಿಂದ ಗಣಕಯಂತ್ರ ಅದನ್ನು ಹೊಸ ಟ್ಯಾಗಿನ ಆರಂಭವೆಂದು ತಿಳಿದು ಇಡೀ ಪಟ್ಟಿಯನ್ನೇ ಕೈಬಿಟ್ಟಿತ್ತು. ಅತಿಥಿಗಳು ಮೆಟ್ಟಿಲು ಹತ್ತುತ್ತಿದ್ದರು. ಕಡತದಕ್ಕ ಆ ಒಂದು ದಾಖಲೆಯನ್ನು ಟಿಪ್ಪಣಿಯ ಗುರುತುಗಳ ನಡುವೆ ಸೇರಿಸಿದರು. ಹಾಗೆ ಸೇರಿಸಿದ್ದು ಪುಟದಲ್ಲೇ ಉಳಿಯುತ್ತದೆ, ಯಂತ್ರ ಮಾತ್ರ ಅದನ್ನು ದಾಟಿಕೊಂಡು ಹೋಗುತ್ತದೆ. ಕೋಷ್ಟಕ ಬಂತು, ಚಪ್ಪಾಳೆಯೂ ಬಂತು. ಮಧ್ಯಾಹ್ನ ಸರಿಮಾಡಿದರಾಯಿತು ಎಂದುಕೊಂಡಿದ್ದರು. ಮಧ್ಯಾಹ್ನವೆಲ್ಲ ಅಭಿನಂದನೆಯಲ್ಲೇ ಕಳೆಯಿತು.

ಏಳು ವರ್ಷಗಳ ನಂತರ ತಯಾರಕರಿಂದ ಪತ್ರ ಬಂತು: ಒಟ್ಟಿಗೆ ತಯಾರಾದ ಒಂದು ಬ್ಯಾಚಿನ ಪೇಸ್‌ಮೇಕರ್‌ಗಳು ಇದ್ದಕ್ಕಿದ್ದಂತೆ ನಿಲ್ಲಬಹುದು, ಹಾಕಿಸಿಕೊಂಡವರನ್ನೆಲ್ಲ ಕರೆಸಿ ಬದಲಿಸಬೇಕು. ಪುಟ ಹದಿನೆಂಟು ಹೆಸರು ತೋರಿಸಿತು. ಹದಿನೆಂಟು ಜನರೂ ಬಂದರು. ಆದರೆ ಶಸ್ತ್ರಚಿಕಿತ್ಸಾ ಕೊಠಡಿಯ ದಾಸ್ತಾನು ಪುಸ್ತಕದಲ್ಲಿ ಆ ಬ್ಯಾಚಿನವು ಹತ್ತೊಂಬತ್ತು ಇದ್ದವು. ಒಂದು ವಾಪಸು ಹೋಗಿರಬೇಕು ಎಂದರು ಸಹೋದ್ಯೋಗಿಗಳು. ಕಡತದಕ್ಕನಿಗೆ ಸಮಾಧಾನವಾಗಲಿಲ್ಲ. ಕೋಷ್ಟಕವನ್ನು ಬದಿಗಿಟ್ಟು, ಪುಟದ ಮೂಲ ಬರಹವನ್ನು ಮೊದಲ ಸಾಲಿನಿಂದ ಓದತೊಡಗಿದರು. ಅರ್ಧ ದಾರಿಯಲ್ಲಿ ಹತ್ತೊಂಬತ್ತನೆಯವರು ಸಿಕ್ಕರು. ಪಕ್ಕದಲ್ಲಿ ತಾವೇ ಬರೆದುಕೊಂಡಿದ್ದ ಮಾತು: ಮಧ್ಯಾಹ್ನ ಸರಿಮಾಡುವುದು.

ಅದೇ ವಾರ ಅವರಿಗೆ ವಿಭಾಗದ ಮುಖ್ಯಸ್ಥೆಯ ಹುದ್ದೆ ಬರುವುದಿತ್ತು. ಟಿಪ್ಪಣಿಯ ಆ ಗುರುತುಗಳನ್ನು ಅಳಿಸಿ, ಚಿಹ್ನೆಯನ್ನು ಸರಿಮಾಡಿಬಿಟ್ಟಿದ್ದರೆ ಅವರ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಹಾಳೆಯನ್ನು ಹಾಗೇ ಮುದ್ರಿಸಿ ಹೃದಯ ವೈದ್ಯರ ಮೇಜಿನ ಮೇಲಿಟ್ಟರು.

"ಸರ್, ಇನ್ನೊಬ್ರು ಇದ್ದಾರೆ. ಕಾಣದ ಹಾಗೆ ಮಾಡಿದ್ದು ನಾನೇ."

"ಅದನ್ನ ಆಮೇಲೆ ನೋಡೋಣ. ವಿಳಾಸ ಇದೆಯಾ?"

"ಇದೆ. ಫೋನ್ ಹೋಗ್ತಿಲ್ಲ. ನಾನೇ ಹೋಗ್ತೀನಿ."

ಆ ಹತ್ತೊಂಬತ್ತನೆಯಾತ ದರ್ಜಿ. ಅಂಗಡಿ ಹಳೆಯ ವಿಳಾಸದಲ್ಲಿರಲಿಲ್ಲ. ನಾಲ್ಕು ಬೀದಿ ಕೇಳಿಕೊಂಡು ಹೋದ ಕಡತದಕ್ಕನಿಗೆ, ಮೆಟ್ಟಿಲ ಕೆಳಗಿನ ಕೋಣೆಯೊಂದರಲ್ಲಿ ಕಾಲರ್ ಕತ್ತರಿಸುತ್ತಿದ್ದ ಆತನನ್ನು ಕಂಡಾಗ ಹೋದ ಜೀವ ಬಂದಂತಾಯಿತು.

"ನಂಗೇನಾಗಿದೆ ಅಕ್ಕಾ, ಗುಂಡುಕಲ್ಲಿನ ಹಾಗಿದ್ದೀನಿ," ಎಂದ ಆತ. "ಹನ್ನೆರಡು ಶರ್ಟ್ ಕೊಡೋದಿದೆ. ನಾಳಿದ್ದು ಬರ್ತೀನಿ."

ಕಡತದಕ್ಕ ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತರು. "ನೀವು ಏಳೋವರೆಗೂ ನಾನು ಏಳಲ್ಲ."

ಒಳಗಿನಿಂದ ದರ್ಜಿಯ ಹೆಂಡತಿ ಹೇಳಿದರು: "ಹೋಗಿ ಬನ್ನಿ, ಗುಂಡಿ ನಾನು ಹಾಕ್ತೀನಿ."

ಸಂಜೆಯೇ ಆತನ ಪೇಸ್‌ಮೇಕರ್ ಬದಲಾಯಿತು. ತೆಗೆದದ್ದನ್ನು ಪರೀಕ್ಷಿಸಿದ ವೈದ್ಯರು, ಅದು ನಾಳಿದ್ದಿನವರೆಗೆ ನಡೆಯುತ್ತಿತ್ತೆಂದು ಹೇಳಲಾರೆ ಎಂದರು. ಕಡತದಕ್ಕ ಮುಖ ಮುಚ್ಚಿಕೊಂಡು ಅತ್ತರು. ಹುದ್ದೆ ಎರಡು ವರ್ಷ ಮುಂದೆ ಹೋಯಿತು. ಅಂದಿನಿಂದ ನಮ್ಮ ಪ್ರತಿ ಪುಟದ ನೆತ್ತಿಯಲ್ಲಿ ಎರಡು ಸಂಖ್ಯೆಗಳಿವೆ: ಒಳಗಿರುವ ದಾಖಲೆಗಳೆಷ್ಟು, ತೋರುತ್ತಿರುವವೆಷ್ಟು. ಮುಚ್ಚಿಟ್ಟವೂ ಮೊದಲನೆಯದರಲ್ಲಿ ಸೇರುತ್ತವೆ. ಎರಡೂ ಒಂದೇ ಆಗದಿದ್ದರೆ ಪುಟ ಕೆಂಪಾಗಿ ನಿಲ್ಲುತ್ತದೆ, ಮುಂದಕ್ಕೆ ಬಿಡುವುದಿಲ್ಲ. ನಮ್ಮನ್ನು ನೋಡಿ ಕಲಿತ ಆಸ್ಪತ್ರೆಗಳೂ ಇದನ್ನೇ ಪಾಲಿಸುತ್ತಿವೆ.

ಈ ಪ್ರಸಂಗವನ್ನು ಸಂಪುಟದಿಂದ ಕೈಬಿಡೋಣವೆಂದು ಮಂಡಳಿ ಯೋಚಿಸಿದಾಗ ಅವರು, "ಅದಿಲ್ದಿದ್ರೆ ಪುಸ್ತಕಾನೇ ಬೇಡ," ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಹೊಸಬರಿಗೆ ಕಲಿಸಲು ಒಪ್ಪಿರುವುದು ನಮ್ಮ ಭಾಗ್ಯ. ಅವರಿಗೆ ಆರೋಗ್ಯ, ಆಯುಷ್ಯ, ಕೈತುಂಬ ಕೆಲಸ ಇರಲೆಂದು ಹಾರೈಸಲು ನಾವು ಪದ ಹುಡುಕುತ್ತಿದ್ದಾಗ, ಸಂಪುಟಕ್ಕೊಂದು ಮಾತು ಬೇಕೆಂದು ದರ್ಜಿಯನ್ನು ಕೇಳಿದೆವು. ಆತ ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ಮಡಿಸುತ್ತ ಹೇಳಿದ್ದನ್ನು ಇಲ್ಲಿ ಹಾಗೆಯೇ ಕೊಡುತ್ತಿದ್ದೇವೆ:

"ನನ್ನ ಹೆಸರು ಪರದೆ ಮೇಲಿದೆಯಾ ಅಂತ ಅಕ್ಕ ಈಗ್ಲೂ ಆಗಾಗ ನೋಡ್ತಾರಂತೆ. ಇನ್ನೂ ಬಹಳ ವರ್ಷ ನೋಡ್ತಿರ್ಲಿ. ನಾನೂ ಅಲ್ಲೇ ಇರ್ತೀನಿ."