ಆಚಿ ಮನಿಗೆ ನಡಿ

ಸೋಮವಾರ ಬೆಳಿಗ್ಗೆ ಮಗಳು ಭೂಮಿಯ ಕಣ್ಣುಗಳು ಕೆಂಪಗಿದ್ದವು. ಜ್ವರ, ನೆಗಡಿ. ಆರು ವರ್ಷದ ಹುಡುಗಿ, ಶಾಲೆ ತಪ್ಪಿಸಲು ನೆಪ ಎಂದು ಗದರಿದೆ. ಗುರುವಾರ ಕಿವಿಯ ಹಿಂದೆ ದದ್ದು ಎದ್ದು ಮುಖಕ್ಕೆ ಇಳಿಯಿತು.

"ಮೀಸಲ್ಸ್. ಸೆಕೆಂಡ್ ಡೋಸ್ ಹಾಕಿಸಿದ್ದೀರಾ?" ಸನತ್‌ನಗರದ ಡಾಕ್ಟರ್ ಕೇಳಿದರು.

ಹಾಕಿಸಿರಲಿಲ್ಲ.

ಡೋಸ್ ಹಾಕಿಸಬೇಕಿದ್ದ ದಿನ ಅವಳಿಗೆ ಶೀತವಾಗಿತ್ತು, ಮುಂದಿನ ವಾರ ನೋಡೋಣ ಎಂದುಕೊಂಡೆ. ಹಾಗೆಂದುಕೊಂಡೇ ನಾಲ್ಕು ವರ್ಷವಾಯಿತು.

"ಅಕ್ಕಪಕ್ಕ ಕೂಸುಗಳಿದ್ದರೆ ಅವರ ಮನೆಯವರಿಗೆ ಇವತ್ತೇ ತಿಳಿಸಿ, ಬೇಗ ಗೊತ್ತಾದರೆ ತಡೆಯುವ ಇಂಜೆಕ್ಷನ್ ಇದೆ," ಎಂದರು.

ಅತ್ತೆ ಕಲಬುರಗಿ ಕಡೆಯವರು. ಮೀಸಲ್ಸಿಗೆ ಅವರಲ್ಲಿ ಗೊಬ್ಬರ ಎನ್ನುತ್ತಾರೆ. ಬಾಗಿಲಿಗೆ ಬೇವು ಸಿಕ್ಕಿಸಿದರು. ನೋಡಿದವರು ಏನೆಂದುಕೊಂಡಾರು ಎಂದು ನಾನೇ ಅದನ್ನು ಕಿತ್ತೆ. ಎದುರು ಮನೆಯ ಸುಜಾತ ವಿಚಾರಿಸಿದಾಗ ವೈರಲ್ ಫೀವರ್ ಎಂದೆ.

ಅತ್ತೆ ಮೊಮ್ಮಗಳ ಪಕ್ಕ ಕೂತು ಹಾಡಿದರು:

"ಉಂಡ್ಯಲ್ಲವ್ವಾ, ಉಟ್ಟ್ಯಲ್ಲವ್ವಾ, ಇನ್ನ ನಡಿ,
ಆಚಿ ಮನಿಗೆ ಹೋಗಿ ಹಾಲ ಕುಡಿ."

ಭೂಮಿ ಗೆಳತಿಯರೊಂದಿಗೆ ಆಡುವಾಗ ಸರದಿ ದಾಟಿಸಲು ಹೇಳುತ್ತಿದ್ದ ಪದ ಅದು. ಅದರ ಅರ್ಥ ನಾನು ಯೋಚಿಸಿರಲಿಲ್ಲ. ನಾನೂ ದನಿಗೂಡಿಸಿದೆ. ಔಷಧಿ ಗಂಟಲಿಗಿಳಿಯಿತು. ವಾರದಲ್ಲಿ ಅವಳು ಅನ್ನ ಕೇಳಿದಳು.

ಆಮೇಲೆ ಸುಜಾತಳ ಕೂಸಿಗೆ ಜ್ವರ ಬಂತು.

ಎಂಟು ತಿಂಗಳ ಕೂಸು, ಮೊದಲ ಡೋಸಿಗೂ ವಯಸ್ಸಾಗಿರಲಿಲ್ಲ. ತನಗೆ ಜ್ವರ ಬರುವ ಹಿಂದಿನ ದಿನವಷ್ಟೇ ಭೂಮಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಆಡಿಸಿದ್ದಳು. ನ್ಯುಮೋನಿಯಾ ಆಗಿ ಸಿಕಂದರಾಬಾದಿನ ಆಸ್ಪತ್ರೆ ಸೇರಿತು. ಐಸಿಯು, ಆಕ್ಸಿಜನ್.

ಅಂದು ಅತ್ತೆಯನ್ನು ಕೇಳಿದೆ, "ಆ ಹಾಡಿನ್ಯಾಗ ನಡಿ ಅನ್ನೋದು ಯಾರಿಗ್ರಿ?"

"ಗೊಬ್ಬರದವ್ವಗ. ಊರಾಗ ಗೊಬ್ಬರ ಬಂದ್ರ ಹೆಣ್ಮಕ್ಕಳು ಮೊರದಾಗ ಬೇವು, ಮೊಸರನ್ನ ತಗೊಂಡು ಹಾಡ್ಕೋತ ಊರ ಸೀಮಿಗೆ ಇಟ್ಟು ಬರ್ತಿದ್ರು. ಮುಂದಿನ ಊರಿಗೆ ಹೋಗ್ಲಿ ಅಂತ. ಈಗ ಹುಡುಗ್ರ ಬಾಯಾಗಷ್ಟ ಉಳದೈತಿ."

"ಆ ಮುಂದಿನ ಊರಾಗ ಕೂಸು ಇರ್ತಿದ್ದಿಲ್ಲೇನ್ರಿ?"

"ಇರ್ತಿದ್ವು. ಆ ಊರವ್ರೂ ಹಾಡ್ತಿದ್ರು."

ಹಾಡಿನಿಂದ ರೋಗ ಹೋಗುವುದಿಲ್ಲ, ಬರುವುದೂ ಇಲ್ಲ, ಅಷ್ಟು ನನಗೂ ಗೊತ್ತು. ಆದರೆ ನನ್ನ ಮಗು ಉಳಿದರೆ ಸಾಕು ಎಂದು ಆ ತಾಯಂದಿರು ಬಾಯಿಬಿಟ್ಟು ಹಾಡಿದ್ದನ್ನು ನಾನು ಬಾಯಿ ಮುಚ್ಚಿಕೊಂಡು ಮಾಡಿದ್ದೆ. ಅವರು ಬೇವನ್ನಾದರೂ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹನ್ನೊಂದನೇ ದಿನ ಕೂಸು ಮನೆಗೆ ಬಂತು. ಸೊರಗಿತ್ತು, ಆದರೆ ಜೋರಾಗಿ ಅಳುತ್ತಿತ್ತು. ಆ ಅಳು ಕೇಳಿ ದೇವರಿಗೆ ಕೈಮುಗಿದೆ. ಎದುರು ಬಾಗಿಲು ತಟ್ಟಿ, ಹರಕುಮುರುಕು ತೆಲುಗಿನಲ್ಲಿ ಎಲ್ಲ ಹೇಳಿದೆ. ತಪ್ಪಿದ ಡೋಸ್, ವೈರಲ್ ಎಂದ ಸುಳ್ಳು.

ಸುಜಾತ ಪೂರ್ತಿ ಕೇಳಿಸಿಕೊಂಡಳು.

"ಆ ರೋಜೇ ಚೆಪ್ಪಾಲ್ಸಿಂದಿ, ಅಕ್ಕಾ." ಅಂದೇ ಹೇಳಬೇಕಿತ್ತು ಎಂದಷ್ಟೇ ಅಂದು ಬಾಗಿಲು ಹಾಕಿಕೊಂಡಳು.

ಅಕ್ಕಾ ಎಂದಳಲ್ಲ. ಸದ್ಯಕ್ಕೆ ನನಗೆ ಅಷ್ಟೇ ಆಧಾರ.