ಒಂದೇ ಕಂಬಿ, ಎರಡು ದವಡೆ

ಕನ್ನಡಕದ ಪೆಟ್ಟಿಗೆ ಹುಡುಕಲು ಅಡುಗೆಮನೆಯ ಡ್ರಾಯರಿಗೆ ಕೈ ಹಾಕಿದರೆ ಸಿಕ್ಕಿದ್ದು ಕಟಿಂಗ್ ಪ್ಲೇಯರು. ಕೆಂಪು ಹಿಡಿ, ಹಿಡಿಗೆ ಕಟ್ಟಿದ ಹಳೇ ಸೀರೆಯಂಚು. ಮೂಗಿನ ಹತ್ತಿರ ತಂದರೆ ಇನ್ನೂ ಎಲೆಅಡಿಕೆಯ ವಾಸನೆ. ಹೊರಗೆ ಜಗಲಿಯ ಮೇಲೆ ಸೊಪ್ಪಿನ ಜವರಮ್ಮ ತಂಗಿಯ ಜೊತೆ ಕಾಯುತ್ತಿದ್ದಳು. ತಂಗಿಗೆ ಬುದ್ಧಿಹಲ್ಲಿನ ನೋವು. ದವಡೆ ಡಾಕ್ಟರು ಕುಯ್ದು ತೆಗೆಯುತ್ತಾರೋ, ಹಾಗೇ ಬಿಟ್ಟು ನೋಡುತ್ತಾರೋ ತಿಳಿಯಬೇಕು. ಜೊತೆಗೆ ನಾನೂ ಹೋಗಬೇಕು, ಆದರೆ ಒಂದು ಕಂಡಿಷನ್. "ಬನ್ನಿ ಅಮ್ಮಾವ್ರೆ. ಇಂಗ್ಲೀಸ್ನ ಮಾತ್ರ ಮನೇಲೇ ಬುಟ್ಟು ಬನ್ನಿ."

ಈ ವಯಸ್ಸಿನಲ್ಲಿ ಇಂಥ ಮಾತು ಕೇಳಿಸಿಕೊಳ್ಳಲು ನಾನೇನು ಮಾಡಿದ್ದೆ ಎಂದು ನೀವು ಕೇಳಬಹುದು. ಮಾಡಿದ್ದೆ.

ಜವರಮ್ಮ ತೊಣ್ಣೂರಿನ ಕಡೆಯವಳು. ಬೆಳಗಿನ ಆಟೋದಲ್ಲಿ ಪುಟ್ಟಿ ತುಂಬ ಸೊಪ್ಪು ತಂದು, ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಬೀದಿಗಳಲ್ಲಿ ಮಾರುತ್ತಿದ್ದಳು. "ದಂಟೋ... ಕೀರೆಯೋ... ಸಬ್ಸಿಗೆಯೋ..." ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದೇನೆಂದರೆ ಲೇಡಿಯ ದನಿ ಗೇಟು ದಾಟಬಾರದು. ಜವರಮ್ಮನ ದನಿ ಹೊಳೆಯನ್ನೇ ದಾಟುತ್ತಿತ್ತು. ಮನೆಯೊಳಗೆ ಯಾರು ಮಿಕ್ಸಿ ಹಾಕಿಕೊಂಡಿದ್ದರೂ ಕೇಳುತ್ತಿತ್ತು.

ಎರಡು ವರ್ಷದ ಹಿಂದೆ ಪಾಂಡವಪುರದ ಗೆಳತಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ವಾಪಸು ಬರುವಾಗ ಅದೇ ಆಟೋದಲ್ಲಿ ಜವರಮ್ಮನ ಪಕ್ಕ ಕೂತೆ. ಮುಂದೆ ಕಬ್ಬಿನ ಟ್ರಾಕ್ಟರು ಇದ್ದಕ್ಕಿದ್ದಂತೆ ನಿಂತಿತು, ಆಟೋದವನು ಬ್ರೇಕ್ ಒತ್ತಿದ. ಡ್ರೈವರ್ ಬೆನ್ನ ಹಿಂದೆ ಅಡ್ಡಕ್ಕೆ ಕಬ್ಬಿಣದ ಕಂಬಿ ಇರುತ್ತದಲ್ಲ, ಅದಕ್ಕೆ ನಮ್ಮಿಬ್ಬರ ಗದ್ದವೂ ಒಟ್ಟಿಗೆ ಬಡಿಯಿತು. ನನ್ನ ಕಟ್ಟಿಸಿದ ಹಲ್ಲಿನ ಸೆಟ್ಟು ಹಾರಿ ಸಬ್ಬಸಿಗೆ ಸೊಪ್ಪಿನಲ್ಲಿ ಬಿತ್ತು. ಇಬ್ಬರ ಕೆಳದವಡೆಯೂ ಮುರಿದಿತ್ತು, ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ.

ವಾರಕ್ಕೆರಡು ದಿನ ಊರಿಗೆ ಬರುವ ದವಡೆ ಸರ್ಜನ್ನರು ಅದೃಷ್ಟಕ್ಕೆ ಅಂದು ಇದ್ದರು. ಗದ್ದಕ್ಕೆ ಟವೆಲು ಬಿಗಿದುಕೊಂಡಿದ್ದರೂ ನನ್ನ ಇಂಗ್ಲಿಷ್ ಮುರಿದಿರಲಿಲ್ಲ. "ಗುಡ್ ಮಾರ್ನಿಂಗ್ ಡಾಕ್ಟರ್, ಅಲೌ ಮಿ ಟು ಎಕ್ಸ್‌ಪ್ಲೇನ್" ಎಂದು ಇಬ್ಬರ ಪರವಾಗಿಯೂ ನಾನೇ ಶುರುಮಾಡಿದೆ. ಅವರೂ ಇಂಗ್ಲಿಷಿನಲ್ಲೇ ಉತ್ತರಿಸಿದರು. ದಾರಿ ಎರಡಿತ್ತು. ಒಂದು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದು ಐದು ವಾರ ಬಾಯಿ ಮುಚ್ಚಿಡುವುದು. ಇನ್ನೊಂದು, ಒಸಡು ಕುಯ್ದು ಮೂಳೆಗೆ ಪುಟ್ಟ ಪ್ಲೇಟು ಕೂರಿಸಿ ಸ್ಕ್ರೂ ಹಾಕುವುದು. ಆಗ ಬಾಯಿ ಕಟ್ಟಬೇಕಾಗಿಲ್ಲ.

"ವಾಟ್ ಡಸ್ ಶೀ ಡೂ?" ಎಂದು ಕೇಳಿದರು.

"ಶೀ ಸೆಲ್ಸ್ ಗ್ರೀನ್ಸ್" ಎಂದೆ. ಕೂಗಿ ಮಾರುತ್ತಾಳೆ ಎನ್ನಲಿಲ್ಲ. ದಿನಾ ಬೆಳಿಗ್ಗೆ ಆ ಕೂಗಿಗೇ ಏಳುವವಳು ನಾನು.

"ಅಂಡ್ ಯೂ, ಮೇಡಂ?"

"ರಿಟೈರ್ಡ್ ಟೀಚರ್. ಐ ಗಿವ್ ಟಾಕ್ಸ್." ನನ್ನ ಕೊನೆಯ ಟಾಕು ಯಾವುದೋ ಸ್ಕೂಲ್ ಡೇ ದಿನ, ಮೈಕು ಕೆಟ್ಟಿದ್ದರಿಂದ ಮೊದಲ ಸಾಲಿನ ಮಕ್ಕಳಿಗಷ್ಟೇ ಕೇಳಿಸಿತ್ತು.

ನನಗೆ ಪ್ಲೇಟು, ಅವಳಿಗೆ ತಂತಿ ಎಂದಾಯಿತು. ಅವಳು ನನ್ನ ಮುಖ ನೋಡಿದಳು. "ನಿನಗೆ ಅದೇ ಒಳ್ಳೆಯದಂತೆ" ಎಂದು ಟ್ರಾನ್ಸ್‌ಲೇಟ್ ಮಾಡಿದೆ. ಮಾತಾಡುವವಳಿಗೆ ಪ್ಲೇಟು ಸಿಕ್ಕಿತಲ್ಲ ಎಂಬ ಹೆಮ್ಮೆ ಒಳಗೊಳಗೇ. ವಾಂತಿ ಬಂದರೆ ಉಸಿರು ಕಟ್ಟೀತು, ತಂತಿ ಕತ್ತರಿಸಲು ಯಾವಾಗಲೂ ಹತ್ತಿರವಿರಲಿ ಎಂದು ನರ್ಸು ಅವಳಿಗೊಂದು ಕಟಿಂಗ್ ಪ್ಲೇಯರು ತರಿಸಿಕೊಟ್ಟಳು. ಅಗಿಯುವಂತಿಲ್ಲವಾದ್ದರಿಂದ ಎಲೆಅಡಿಕೆ ಚೀಲ ಖಾಲಿಯಿತ್ತು. ಪ್ಲೇಯರು ಅದರೊಳಗೆ ಹೋಯಿತು.

ಐದು ವಾರ ಜವರಮ್ಮ ಹಲ್ಲಿನ ಸಂದಿಯಲ್ಲಿ ಅಂಬಲಿ ಹೀರಿಕೊಂಡು, ಪುಟ್ಟಿ ಹೊತ್ತು, ಮನೆಮನೆಯ ಗೇಟಿನ ಚಿಲಕ ಬಡಿದಳು. ಮಿಕ್ಸಿಯ ಮುಂದೆ ಚಿಲಕ ಯಾರಿಗೆ ಕೇಳುತ್ತದೆ? ಸೊಪ್ಪು ಬಾಡಿ ವಾಪಸು ಹೋಗುತ್ತಿತ್ತು. ಮೂರನೇ ವಾರ ನಮ್ಮ ಬೀದಿಗೆ ಬ್ಯಾಟರಿ ಮೈಕು ಕಟ್ಟಿದ ತರಕಾರಿ ಗಾಡಿ ಬಂತು. ಯಾವನೋ ಒಮ್ಮೆ ರೆಕಾರ್ಡ್ ಮಾಡಿದ ದನಿ. ಅದಕ್ಕೆ ದವಡೆಯೂ ಇಲ್ಲ, ದಣಿವೂ ಇಲ್ಲ.

ಆಮೇಲಿನ ಈ ಎರಡು ವರ್ಷದಲ್ಲಿ ಮದುವೆಮನೆಗಳಲ್ಲಿ ಪಕ್ಕದೆಲೆಗೆ ದವಡೆ ಸರ್ಜನ್ ಸಿಕ್ಕಿದರೆ ನಾನು ಬಿಡುತ್ತಿರಲಿಲ್ಲ. ತಂತಿಯೋ ಪ್ಲೇಟೋ, ಹೇಗೆ ನಿರ್ಧರಿಸುತ್ತೀರಿ? ಒಬ್ಬರದು ಎಲ್ಲರಿಗೂ ಪ್ಲೇಟೇ, ಅವರ ಪ್ರೊಫೆಸರು ಹಾಗೇ ಮಾಡುತ್ತಿದ್ದರಂತೆ. ಇನ್ನೊಬ್ಬರು ಹಾಕಿದ ಪ್ಲೇಟು ಒಮ್ಮೆ ನಾಗಮಂಗಲದವನೊಬ್ಬನಿಗೆ ಕೀವಾಯಿತು. ಅಂದಿನಿಂದ ಅವರದು ತಂತಿ. ಮೂರನೆಯವರು ಹೋಳಿಗೆ ಮುರಿಯುತ್ತಾ, "ಅವತ್ತು ಯಾವ ಸೆಟ್ ಸ್ಟೆರಿಲೈಸ್ ಆಗಿರುತ್ತೋ ಅದು ಮೇಡಂ" ಎಂದರು. ಮೇಲುಕೋಟೆಯ ನನ್ನ ಪರಿಚಯದವರನ್ನು ಪುಳಿಯೋಗರೆಗೆ ಇಷ್ಟು ಮೆಣಸು ಯಾಕೆ ಎಂದು ಕೇಳಿದರೆ "ನಮ್ಮತ್ತೆ ಹಾಗೇ ಹಾಕ್ತಿದ್ರು" ಎನ್ನುತ್ತಾರೆ. ಅವರಾದರೂ ಗೋಡೆಗೆ ಸರ್ಟಿಫಿಕೇಟು ತೂಗುಹಾಕಿಲ್ಲ.

ತಂತಿ ಬಿಚ್ಚಿದ ದಿನವೂ ನಾನು ಜೊತೆಗಿದ್ದೆ. ಜವರಮ್ಮನ ಬಾಯಿ ಎರಡು ಬೆರಳಿನಷ್ಟೇ ತೆರೆಯಿತು. ಅದರಿಂದ ಹೊರಬಂದ ಮೊದಲ ಮಾತು: "ಒಂದೇ ಕಂಬಿಗೆ ಬಡ್ಕಂಡಿದ್ದು ಇಬ್ರೂವೆ. ಅಮ್ಮಾವ್ರಿಗೆ ತಗಡು, ನಂಗ್ಯಾಕ್ ಸಾಮಿ ತಂತಿ?"

ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಆಕೆಯ ಹಲ್ಲು ಗಟ್ಟಿ, ತಂತಿ ನಿಲ್ಲುತ್ತದೆ; ನಿಮ್ಮ ಬಾಯಲ್ಲಿ ಕಟ್ಟೋಣವೆಂದರೆ ಹಲ್ಲೇ ಇರಲಿಲ್ಲವಲ್ಲ ಮೇಡಂ, ಎಂದರು. ನನ್ನ ಟಾಕ್ಸು ಅಲ್ಲಿಗೆ ಮುಗಿಯಿತು. ಮೊದಲರ್ಧವನ್ನು ಮಾತ್ರ ಜವರಮ್ಮನಿಗೆ ಹೇಳಿದೆ.

"ಚೆಂದಾಗಿರೋ ಹಲ್ಗೆ ಬೀಗ ಹಾಕ್ಬುಟ್ರಾ? ಬೀದೀಲಿ ಕೂಗಿ ಮಾರೋಳು ನಾನು, ನಂಗೂ ತಗಡು ಆಯ್ತಿರ್ನಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಅವಳಿಗೇ ಉತ್ತರಿಸಿದರು: "ಆಯ್ತಿತ್ತು ಕಣವ್ವ. ನೀನು ಕೂಗಿ ಮಾರೋಳು ಅಂತ ಯಾರೂ ಹೇಳ್ನಿಲ್ಲ. ಗೊತ್ತಾಗಿದ್ರೆ ತಗಡೇ ಹಾಕ್ತಿದ್ದೆ."

ಮಾತಿನ ಧಾಟಿಯಲ್ಲೇ ಗೊತ್ತಾಯಿತು: ಕೆ.ಆರ್. ಪೇಟೆಯ ಮಗ! ಜವರಮ್ಮನ ಭಾಷೆಯನ್ನೇ ಆಡುವವನು. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆನೆಂದು ಮರ್ಯಾದೆಗೆ ಅವರೂ ಅದನ್ನೇ ಮುಂದುವರಿಸಿದ್ದರು. ಇಬ್ಬರು ಜೆಂಟಲ್ ಜನ ಸೇರಿ ಒಬ್ಬಳ ಬಾಯಿ ಕಟ್ಟಿದ್ದೆವು.

"ನನ್ನೇ ಕೇಳ್ಬೋದಿತ್ತಲ್ಲ ಸಾಮಿ" ಎಂದಳು ಜವರಮ್ಮ. "ಮುರ್ದಿದ್ರೂವೆ ಅವತ್ತು ನಂಗೂ ಬಾಯಿತ್ತು."

ಅವರು ಕೈಗವಸು ಕಳಚುವುದರಲ್ಲಿ ಮಗ್ನರಾದರು. ಪ್ಲೇಯರನ್ನು ಅವಳು ನನ್ನ ಮಡಿಲಿಗೆ ಹಾಕಿದಳು: "ನಿಮ್ಮನೇಲಿರ್ಲಿ."

ಅವಳ ಬಾಯಿ ಈಗ ತೆರೆಯುತ್ತದೆ, ಆದರೆ ಕೂಗು ಬೀದಿಯ ತಿರುವು ದಾಟುವುದಿಲ್ಲ. ಬೀದಿಗಳು ಮೈಕಿನ ಪಾಲಾದವು. ಅವಳು ಬಸ್‌ ಸ್ಟಾಂಡಿನ ಹತ್ತಿರ ಗೋಣಿ ಹಾಸಿ ಕೂರುತ್ತಾಳೆ. ನಾನು ಅಲ್ಲಿಗೇ ಹೋಗಿ ಸೊಪ್ಪು ತರುತ್ತೇನೆ. ಅದೇನು ಪ್ರಾಯಶ್ಚಿತ್ತವಲ್ಲ, ಸೊಪ್ಪು ಅಷ್ಟೇ.

ಇವತ್ತು ಕ್ಲಿನಿಕ್ಕಿನ ಬಾಗಿಲು ತೆರೆದಾಗ ಡಾಕ್ಟರು ನೇರ ನನ್ನನ್ನೇ ನೋಡಿ ನಕ್ಕರು. "ಹಲೋ ಮೇಡಂ! ಸೋ, ವಾಟ್ ಈಸ್ ದಿ ಪ್ರಾಬ್ಲಂ?"

ನಾಲಗೆಯ ತುದಿಗೆ ಒಂದು ಚೆಂದದ ಸೆಂಟೆನ್ಸು ಬಂದು ನಿಂತಿತ್ತು. ವ್ಯಾನಿಟಿ ಬ್ಯಾಗಿನೊಳಗೆ ಪ್ಲೇಯರಿನ ಹಿಡಿಯನ್ನು ಅಮುಕಿಕೊಂಡು, ತುಟಿ ಬಿಗಿದು, ಗದ್ದದಿಂದ ಜವರಮ್ಮನ ತಂಗಿಯ ಕಡೆ ತೋರಿಸಿದೆ. ತಂತಿಯಿಲ್ಲದೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ!

ತಂಗಿ ಸೆರಗು ಸರಿಮಾಡಿಕೊಂಡು ಕುರ್ಚಿಯನ್ನು ಮುಂದಕ್ಕೆಳೆದಳು.

"ನಾನು ಅಂಗನವಾಡಿ ಟೀಚ್ರು ಸಾ. ಇಡೀ ದಿನ ಮಕ್ಳ ಜೊತೆ ಬಾಯ್ ಬಡ್ಕೋಬೇಕು. ಅದ ಮೊದ್ಲು ಬರ್ಕಳಿ, ಆಮ್ಯಾಕೆ ಹಲ್ಲು ನೋಡೀರಂತೆ."