ಸ್ವಿಚ್ಚಿಗೆ ಆಯುಧಪೂಜೆ

ನಮ್ಮ ಮ್ಯಾನೇಜರ್ ಮಹಾಶಯರಿಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಹುಣಸೂರಿನಲ್ಲಿ ಹೊಗೆಸೊಪ್ಪು ಕೊಳ್ಳುವ ಒಂದು ಖಾಸಗಿ ಕಂಪನಿ. ನಾನು ಅದರ ಕಂಪ್ಯೂಟರ್ ಕೋಣೆಯ ಪಾಲಕ. ಪ್ರತಿ ವರ್ಷ ಕರಾರು ಮುಂದುವರಿದರೆ ಮಾತ್ರ ಪಾಲಕ. ಕರಾರಿಗೆ ಸಹಿ ಹಾಕುವವರು ಅವರು. ಈ ಸಂಗತಿಯನ್ನು ಅವರು ನನಗೆ ಕಾಫಿಯ ಹೊತ್ತಿಗೊಮ್ಮೆ, ಊಟದ ಹೊತ್ತಿಗೊಮ್ಮೆ ನೆನಪಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಗೋದಾಮುಗಳಿಂದ ಹೊಗೆಸೊಪ್ಪಿನ ಬೇಲುಗಳ, ಅಂದರೆ ಪಿಂಡಿಗಳ, ತೂಕ, ದರ್ಜೆ ಎಲ್ಲ ನಮ್ಮ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಬರಬೇಕು. ಅದು ಏದುಸಿರು ಬಿಡತೊಡಗಿದಾಗ ಇನ್ನೊಂದನ್ನು ತಂದು, ಹೊರೆ ಹಂಚಿಕೊಳ್ಳಲೆಂದು ಎರಡಕ್ಕೂ ಒಂದೇ ವಿಳಾಸ ಕೊಟ್ಟೆವು. ಈಗ ಫಜೀತಿ ಸ್ವಿಚ್ಚಿನದು. ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ ಅದು. ಯಾವ ತೂತಿನಲ್ಲಿ ಯಾರಿದ್ದಾರೆಂದು ತಾನೇ ಕಲಿತು, ಬಂದ ಸುದ್ದಿಯನ್ನು ಅವರವರಿಗೇ ಮುಟ್ಟಿಸುತ್ತದೆ. ಒಂದೇ ವಿಳಾಸಕ್ಕೆ ಇಬ್ಬರು ಯಜಮಾನರಾದಾಗ ಅದಕ್ಕೆ ದಿಕ್ಕು ತೋಚದೆ, ಬಂದದ್ದನ್ನೆಲ್ಲ ಎಲ್ಲ ತೂತಿಗೂ ಸುರಿಯತೊಡಗಿತು. ಗುಮಾಸ್ತರ ಕಂಪ್ಯೂಟರುಗಳು ಕೆಸರಿನಲ್ಲಿ ಹೂತ ಗಾಡಿಗಳಾದವು. ನಾನು ಕೂತು ಸ್ವಿಚ್ಚಿಗೆ ಕೈಯಾರೆ ಬರೆದೆ: ಈ ವಿಳಾಸದವರು ಮೂರನೆಯ ಮತ್ತು ನಾಲ್ಕನೆಯ ತೂತಿನಲ್ಲಿ ಮಾತ್ರ ಇರುತ್ತಾರೆ, ಬೇರೆಲ್ಲೂ ಹುಡುಕಕೂಡದು. ಕೋಣೆಗೆ ಶಾಂತಿ ಬಂತು. ಆ ಎರಡು ತಂತಿಗಳನ್ನು ಕದಲಿಸಬೇಡಿ ಎಂದು ಮ್ಯಾನೇಜರರಲ್ಲಿ ಬಿನ್ನವಿಸಿಕೊಂಡೆ.

"ತಂತಿ ಏನ್ ನಿಮ್ ಮಾವನ್ ಮನೇದೇನ್ರೀ?" ಎಂದರು.

ಆಯುಧಪೂಜೆ ಬಂತು. ಆ ದಿನ ನನ್ನನ್ನು ಎಚ್.ಡಿ. ಕೋಟೆಯ ಗೋದಾಮಿಗೆ ಅಟ್ಟಿ, ಜೀಪು, ತಕ್ಕಡಿಗಳ ಜೊತೆ ನನ್ನ ಕೋಣೆಯ ಪೂಜೆಯನ್ನೂ ಅವರೇ ನಡೆಸಿದರು.

ಹಬ್ಬ ಕಳೆದು ಬಾಗಿಲು ತೆರೆದ ಬೆಳಿಗ್ಗೆ ಮೂರು ತಾಲ್ಲೂಕಿನಿಂದಲೂ ಫೋನು. ಸರ್ವರ್ ಉಸಿರೆತ್ತುತ್ತಿಲ್ಲ, ಲಾರಿಗಳು ನಿಂತಿವೆ.

"ಏನಾಯ್ತ್ರೀ ನಿಮ್ ಮೂರು, ನಾಲ್ಕು?" ಮ್ಯಾನೇಜರರು ಗುಮಾಸ್ತರೆಲ್ಲರ ಮುಂದೆ ಗುಡುಗಿದರು. "ಮೈಸೂರಿಂದ ಒಬ್ಬರ್ನ ಕರೆಸ್ತಾ ಇವ್ನಿ. ನೀವು ಬರ್ದಿರೋದ್ನೆಲ್ಲ ಅಳಿಸ್ಬುಡ್ತಾರೆ. ಈ ಸಲ ಸಹಿಗಿಹಿ ಇಲ್ಲ ಕಣ್ರೀ, ಗಂಟು ಕಟ್ಕಳಿ."

"ಅವರು ಬರೋವರೆಗೆ ಒಂದ್ಸಲ ನೋಡ್ತೀನಿ ಸಾರ್."

"ನೋಡ್ರಿ. ನೋಡೋಕೇನ್ ಕಾಸಾ?"

ಒಳಗೆ ಎರಡು ಸರ್ವರುಗಳೂ ಹಾರ ಹಾಕಿಕೊಂಡು, ತಲೆಯ ಮೇಲೊಂದು ನಿಂಬೆಹಣ್ಣು ಹೊತ್ತು, ಮದುಮಕ್ಕಳಂತೆ ಸುಮ್ಮನೆ ಕೂತಿದ್ದವು. ಸ್ವಿಚ್ಚು ಫಳಫಳ ಹೊಳೆಯುತ್ತಿತ್ತು. ಉದ್ದದ ತಂತಿಗಳು ಎಡಕ್ಕೆ, ಗಿಡ್ಡನೆಯವು ಬಲಕ್ಕೆ. ಸರ್ವರುಗಳ ಗಿಡ್ಡ ತಂತಿಗಳು ಬಲತುದಿಗೆ ಸರಿದಿದ್ದವು. ನಾಲ್ಕನೆಯದರಲ್ಲಿ ಆರಿಸಿಟ್ಟ ಪ್ರಿಂಟರು. ಮೂರನೆಯದರ ದೀಪ ಮಾತ್ರ ಹುಚ್ಚು ಹಿಡಿದಂತೆ ಮಿನುಗುತ್ತಿತ್ತು. ತಂತಿ ಹಿಡಿದು ಹೋದರೆ ಅದು ಮ್ಯಾನೇಜರರ ಕಂಪ್ಯೂಟರು. ಸ್ವಿಚ್ಚು ನಾನು ಬರೆದದ್ದನ್ನೇ ನಂಬಿತ್ತು. ಮೂರು ತಾಲ್ಲೂಕಿನ ಹೊಗೆಸೊಪ್ಪೆಲ್ಲ ಬೆಳಗಿನಿಂದ ಅವರ ಬಾಗಿಲು ಬಡಿಯುತ್ತಿತ್ತು, ಅವರಿಗೆ ಕೇಳಿಸಿರಲಿಲ್ಲ.

"ಈ ತಂತಿ ಕಿತ್ತೋರು ಯಾರು?" ಎಂದು ಹಿಂದೆಯೇ ಬಂದು ಬಾಗಿಲಲ್ಲಿ ನೆರೆದಿದ್ದವರನ್ನು ಕೇಳಿದೆ.

"ಸಾಯೇಬ್ರೇ ನಿಂತ್ಕಂಡ್ ಏಳುದ್ರು ಸಾ," ಎಂದ ಅಟೆಂಡರ್. "ಎಲ್ಲ ಕಿತ್ತು ಒರ್ಸು, ಉದ್ದದ್ದು ಆ ಕಡೆ, ಗಿಡ್ಡದ್ದು ಈ ಕಡೆ ಜೋಡ್ಸು, ಪೂಜೆಗೆ ಲಕ್ಷಣವಾಗಿರ್ಲಿ ಅಂದ್ರು."

ಮ್ಯಾನೇಜರರು ನನ್ನತ್ತ ತಿರುಗಿದರು. ದನಿ ಈಗ ಮೆತ್ತಗಾಗಿತ್ತು. ಅದೇ ಅಪಾಯದ ದನಿ. "ಅಂದ್ರೆ, ಪೂಜೆ ಮಾಡಿದ್ದು ತಪ್ಪು ಅಂತೀರೋ?"

ಗುಮಾಸ್ತರೆಲ್ಲ ನನ್ನ ಬಾಯಿಯನ್ನೇ ನೋಡಿದರು. ಹೌದೆಂದರೆ ಕೆಲಸವಷ್ಟೇ ಅಲ್ಲ, ಊರಲ್ಲಿ ನನಗೆ ಟೀ ಕೊಡುವವರೂ ಇರುತ್ತಿರಲಿಲ್ಲ.

"ಛೆ ಛೆ, ಪೂಜೆ ತಪ್ಪೇ? ಅರ್ಧಕ್ಕೆ ನಿಂತಿದೆ, ಅಷ್ಟೇ," ಎಂದೆ.

ಸರ್ವರುಗಳ ತಂತಿಗಳನ್ನು ಕಿತ್ತು ಮೂರಕ್ಕೆ, ನಾಲ್ಕಕ್ಕೆ, ಅಲ್ಲಿದ್ದವನ್ನು ಅವುಗಳ ಜಾಗಕ್ಕೆ ಸಿಕ್ಕಿಸಿದೆ. ಆಚೆ ಫೋನುಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಪೂಜೆಯ ತಟ್ಟೆ ಇನ್ನೂ ಅಲ್ಲೇ ಇತ್ತು. ಕುಂಕುಮ ಕಲಸಿ, ಆ ಎರಡು ತೂತುಗಳ ನೆತ್ತಿಗೂ ತಂತಿಗಳ ಕೊರಳಿಗೂ ಸಾವಕಾಶವಾಗಿ ಹಚ್ಚಿ, ಕೈ ಮುಗಿದೆ.

"ಈಗ ಪೂರ್ತಿಯಾಯ್ತು ಸಾರ್. ಇದನ್ನ ಅಳಿಸಿದವರು ದೇವರಿಗೆ ಉತ್ತರ ಕೊಟ್ಕೋಬೇಕು."

ಅಟೆಂಡರ್ ಸ್ವಿಚ್ಚು ಮುಟ್ಟಿ ಕಣ್ಣಿಗೊತ್ತಿಕೊಂಡ. ಗುಮಾಸ್ತರೂ ಕೈ ಮುಗಿದರು. ಅಷ್ಟು ಜನರ ನಡುವೆ ಮ್ಯಾನೇಜರರೂ ಮುಗಿಯಲೇಬೇಕಾಯಿತು. ಹಲ್ಲು ಕಚ್ಚಿ ಕೈ ಮುಗಿದವರನ್ನು ನಾನು ಕಂಡದ್ದು ಅದೇ ಮೊದಲು.

ಮೈಸೂರಿನವರು ಬರಲಿಲ್ಲ. ಕರಾರಿಗೆ ಸಹಿ ಬಿತ್ತು. ಪೆನ್ನು ಒತ್ತಿದ ಬಿರುಸಿಗೆ ಕಾಗದ ಹರಿದಿತ್ತು. ಮರುವರ್ಷದ ಪೂಜೆಗೂ ನನ್ನನ್ನು ಕೋಟೆಗೇ ಅಟ್ಟಿದರು. ಹಿಂದಿರುಗಿ ನೋಡಿದರೆ ತಂತಿಗಳೆಲ್ಲ ಮತ್ತೆ ಜಾಗ ಬದಲಿಸಿದ್ದವು, ಆ ಎರಡರ ಹೊರತು. ಅವುಗಳ ಮೇಲೆ ಹಳೆಯ ಕುಂಕುಮದ ಜೊತೆ ಹೊಸದೂ ಇತ್ತು.